ಹೆಸರಿಲ್ಲದ ಹಾಜರಿ

ಗಾಳಿಪೇಟೆ, ಕಪ್ಪತಗುಡ್ಡದ ಕೆಳಗೆ
ಇಸವಿ ೨೨೬೪, ಮೇ ೩೮

ಏಳನೆಯ ತರಗತಿ ಮುಗಿಸಿ ಹೈಸ್ಕೂಲಿಗೆ ಹೊರಟಿರುವ ಮಕ್ಕಳೇ, ಪಕ್ಕದಲ್ಲಿ ನಿಂತು ಅವರ ಅರ್ಜಿ ತುಂಬುತ್ತಿರುವ ದೊಡ್ಡವರೇ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಮೇ ತಿಂಗಳಿಗೆ ನಲವತ್ತು ದಿನ. ಬಿಸಿಲು ಇಳಿಯುವ ಮೊದಲೇ ಜೂನ್ ಬಂತೆಂದು ಮಕ್ಕಳನ್ನು ಶಾಲೆಗೆ ಅಟ್ಟಬಾರದೆಂದು ನಮ್ಮ ಹಿರಿಯರು ಜೂನಿನಿಂದ ಒಂಬತ್ತು ದಿನ ತೆಗೆದು ಮೇ ತಿಂಗಳಿಗೆ ಕೂಡಿಸಿದರು. ಈ ಕಾಗದದಲ್ಲಿ ನಿಮಗೆ ಗುರುತಿಲ್ಲದ ಮಾತುಗಳು ಬಂದರೆ ಕ್ಷಮಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ನಮ್ಮ ಊರಿನಲ್ಲಿ ನಿವೃತ್ತಿಯಾಗುವ ಪ್ರತಿಯೊಬ್ಬ ಶಿಕ್ಷಕರೂ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆಯುತ್ತಾರೆ. ಅದಕ್ಕೆ ಹಿಂದೋಲೆ ಎಂದು ಹೆಸರು. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಹಳ ಜನ ಅದರಲ್ಲಿ ಆಶೀರ್ವಾದ ಬರೆಯುತ್ತಾರೆ. ನನಗೆ ಅದಕ್ಕೆ ಪುರಸೊತ್ತಿಲ್ಲ. ನಾನು ಜಗಳ ಆಡಬೇಕಾಗಿದೆ.

ನನ್ನ ಹೆಸರು ತಾರಾಮತಿ ಗಾಳಿಮರದ. ನಿಮ್ಮ ಕಾಲದಲ್ಲಿ ಬಡಿಗೇರ, ಕಮ್ಮಾರ ಎಂದು ಅಡ್ಡಹೆಸರು ಇದ್ದವಂತೆ. ನಮ್ಮದು ಅದೇ ಬಗೆಯದು. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನಾವು ಗಾಳಿಮರ ಎನ್ನುತ್ತೇವೆ. ನನ್ನ ಅಪ್ಪ ದ್ಯಾಮಣ್ಣ ಅವನ್ನು ಹತ್ತಿ ರೆಕ್ಕೆ ತೊಳೆಯುತ್ತಿದ್ದ, ಬೋಲ್ಟು ಬಿಗಿಯುತ್ತಿದ್ದ. ಅಜ್ಜನೂ ಅದನ್ನೇ ಮಾಡುತ್ತಿದ್ದ. ಮುತ್ತಜ್ಜ ಅಲ್ಲಿಂದಲೇ ಬಿದ್ದು ಸತ್ತ.

ಹೈಸ್ಕೂಲಿಗೆ ಸೇರುವುದೆಂದರೆ ನಮ್ಮಲ್ಲಿ ದೊಡ್ಡ ಸಡಗರ. ಶಾಲೆ ನಸುಕಿನಲ್ಲಿ ಐದಕ್ಕೆ ಶುರುವಾಗಿ ಹತ್ತಕ್ಕೆ ಬಿಡುತ್ತದೆ, ಆಮೇಲೆ ಬಿಸಿಲಿಗೆ ಹೊರಗೆ ಕಾಲಿಡಲಾಗದು. ಕೋಣೆಗಳಿಗೆ ಎರಡೆರಡು ಗೋಡೆ, ನಡುವೆ ಹಸಿ ಮರಳು. ಅದರ ತಂಪಿಗೆ ಬೆನ್ನು ಒರಗಿಸಿಕೊಂಡು ಮಕ್ಕಳು ಕೂಡುತ್ತಾರೆ. ಪ್ರತಿಯೊಬ್ಬರಿಗೂ ತಲೆಯಿಂದ ಮೊಣಕಾಲಿನವರೆಗೆ ಮುಚ್ಚುವ ಬಿಸಿಲುಹೊದಿಕೆ ಬೇಕು. ಅದನ್ನು ರಜೆಯಲ್ಲಿ ಮನೆಯಲ್ಲೇ ಹೊಲಿಯುತ್ತಾರೆ. ಅದರ ಬಣ್ಣ ಓದುವ ವಿಷಯದ ಮೇಲೆ ಹೋಗುತ್ತದೆ. ಗಾಳಿಮರದವರಿಗೆ ನೀಲಿ, ವೈದ್ಯಕ್ಕೆ ಹಸಿರು, ಗಣಿತಕ್ಕೆ ಬಿಳಿ. ಹಾಗಾಗಿ ಯಾರ ಮನೆಯ ಹಗ್ಗದ ಮೇಲೆ ಯಾವ ಬಣ್ಣದ ಬಟ್ಟೆ ಒಣಗುತ್ತಿದೆಯೆಂದು ನೋಡಿದರೆ ಸಾಕು, ಆ ಮನೆಯ ಮಗುವಿನ ಮುಂದಿನ ಐವತ್ತು ವರ್ಷ ಓಣಿಗೆಲ್ಲ ತಿಳಿದುಬಿಡುತ್ತದೆ.

ವಿಷಯವನ್ನು ಆರಿಸುವುದು ಮಗುವಲ್ಲ, ತಾಯಿತಂದೆಯೂ ಅಲ್ಲ, ವಿಂಗಡಣಾ ಮಂಡಳಿಯ ಯಂತ್ರ. ಒಂದನೆಯ ತರಗತಿಯಿಂದ ಏಳರವರೆಗೆ ಅದು ಮಗುವನ್ನು ನೋಡುತ್ತಲೇ ಇರುತ್ತದೆ. ಎಷ್ಟು ಬೇಗ ಉತ್ತರ ಕೊಟ್ಟಿತು, ಎಷ್ಟು ಸಲ ಕಿಟಕಿಯತ್ತ ನೋಡಿತು, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. ಕೊನೆಗೆ ಒಂದು ಚೀಟಿ ಬರುತ್ತದೆ. ಅದಕ್ಕೆ ಸರಕಾರಿ ಹೆಸರು ಅರ್ಹತಾ ಸೂಚಿ. ನಾವು ಹಣೆಚೀಟಿ ಎನ್ನುತ್ತಿದ್ದೆವು. ನಮ್ಮ ಇತಿಹಾಸದ ಪುಸ್ತಕ ಹೇಳುವಂತೆ, ನಿಮ್ಮ ಕಾಲದಲ್ಲಿ ಇದು ಒಂದು ಸಣ್ಣ ನೆರವಾಗಿ ಶುರುವಾಯಿತು. ಮಗುವಿಗೆ ಯಾವುದು ಹೊಂದೀತು ಎಂದು ತಿಳಿಯದೆ ಒದ್ದಾಡುವ ತಾಯಿತಂದೆಗೆ ಒಂದು ಸಲಹೆ, ಅಷ್ಟೇ. ಸಲಹೆ ಯಾವ ವರ್ಷ ಅಪ್ಪಣೆಯಾಯಿತೆಂದು ಮಾತ್ರ ಪುಸ್ತಕದಲ್ಲಿ ಇಲ್ಲ.

೨೨೧೯ರಲ್ಲಿ ನನಗೆ ಹದಿಮೂರು. ಚೀಟಿ ಬಂತು. ಗಾಳಿಮರದ ದುರಸ್ತಿ, ಹಗ್ಗದ ಕೆಲಸ, ನೀರಿನ ಉಳಿತಾಯ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಗಣಿತಕ್ಕೆ ತಕ್ಕವಳಲ್ಲ, ನಿಧಾನ.

ನಿಧಾನ ಎಂಬುದು ಸುಳ್ಳಲ್ಲ. ನಾನು ನಿಧಾನಿ. ಆದರೆ ಆ ವರ್ಷ ಏನಾಗಿತ್ತು ಕೇಳಿ. ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದ ನಮ್ಮ ಮೆಹಬೂಬಿ ಅಕ್ಕಾರು ಒಂದು ದಿನ ಹಲಗೆಯ ಮೇಲೆ ಸೊಟ್ಟಪಟ್ಟ ಚತುರ್ಭುಜ ಬರೆದರು. ನಾಲ್ಕು ಬದಿಗಳ ನಡುವಿನ ಬಿಂದುಗಳನ್ನು ಗುರುತಿಸಿ ಜೋಡಿಸಿದರು. ಒಳಗೆ ಸಮಾಂತರ ಚತುರ್ಭುಜ ಬಂತು. ಹೊರಗಿನದು ಎಷ್ಟೇ ಸೊಟ್ಟಗಿರಲಿ, ಒಳಗಿನದು ನೆಟ್ಟಗೇ ಬರುತ್ತದೆ, ಯಾಕೆ ಎಂದು ಕೇಳಿದರು. ಯಂತ್ರ ಉತ್ತರಕ್ಕೆ ತೊಂಬತ್ತು ಸೆಕೆಂಡು ಕೊಟ್ಟಿತು. ನಾನು ಬಾಯಿ ಬಿಡಲಿಲ್ಲ. ಆದರೆ ಮನೆಗೆ ಬಂದು ಅಂಗಳದ ಮಣ್ಣಿನಲ್ಲಿ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹನ್ನೊಂದನೆಯ ದಿನ ನೀರಿಗೆ ಪಾಳಿ ಹಚ್ಚಿ ನಿಂತಾಗ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ನೋಡಿದರೆ ಹೇಗೆ ಎಂದು ಹೊಳೆಯಿತು. ಎಳೆದರೆ ಎರಡು ತ್ರಿಕೋನ. ಒಳಗಿನ ಎದುರುಬದುರಿನ ಎರಡು ಗೆರೆಗಳೂ ಆ ಒಂದೇ ಗೆರೆಗೆ ಸಮಾಂತರ, ಅದರ ಅರ್ಧದಷ್ಟೇ ಉದ್ದ. ಕೊಡ ಅಲ್ಲೇ ಬಿಟ್ಟು ಅಕ್ಕಾರ ಮನೆಗೆ ಓಡಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಮಣ್ಣುಗೈಯನ್ನು ಹಿಡಿದುಕೊಂಡರು. ಯಂತ್ರದ ಪುಸ್ತಕದಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ‘ಉತ್ತರವಿಲ್ಲ’ ಎಂದೇ ಉಳಿಯಿತು.

ಚೀಟಿ ಬಂದ ದಿನ ನಾನು ಓಣಿಯ ಮನೆಮನೆಗೂ ಹೋಗಿ ಉಳಿದವರ ಚೀಟಿಗಳನ್ನು ಓದಿದೆ. ನಮ್ಮ ಓಣಿಯಲ್ಲಿ ಏಳನೆಯದು ಮುಗಿಸಿದವರು ಹದಿನೆಂಟು ಮಕ್ಕಳು. ಹದಿನೇಳು ಮಕ್ಕಳಿಗೆ ಅವರವರ ಅಪ್ಪನ ಕೆಲಸವೇ ಬಂದಿತ್ತು. ಯಂತ್ರಕ್ಕೆ ಮೇಲುಕೀಳು ತಿಳಿಯದು, ಅದು ಬುದ್ಧಿಯನ್ನಷ್ಟೇ ನೋಡುತ್ತದೆ ಎಂದು ನಮಗೆ ಪಾಠ ಹೇಳಿದ್ದರು.

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ, ನಾನು ಗಣಿತ ಓದುತ್ತೇನೆ ಎಂದು.

“ನಿಮ್ಮಜ್ಜನೂ ಹತ್ತಿದಾ, ನಾನೂ ಹತ್ತೀನಿ” ಎಂದ ಅಪ್ಪ. “ಯಂತ್ರ ಏನ್ ಸುಳ್ಳ ಹೇಳತೈತೇನ?”

“ಅದಕ್ಕ ನನ್ನ ಬಗ್ಗೆ ಏನ್ ಗೊತ್ತೈತಪ್ಪಾ? ನೀ ಏನ್ ಮಾಡ್ತಿ ಅನ್ನೂದಷ್ಟ ಗೊತ್ತೈತಿ.”

ಅಪ್ಪ ತಟ್ಟೆ ಸರಿಸಿ ಎದ್ದುಹೋದ. ನಾನು ಅವನ ಕೆಲಸವನ್ನು ಹೀನವಾಗಿ ಕಂಡೆ ಎಂದುಕೊಂಡನೋ ಏನೋ. ಹಾಗಿರಲಿಲ್ಲ. ಅದನ್ನು ಹೇಳುವ ಜಾಣತನ ಆ ವಯಸ್ಸಿನಲ್ಲಿ ನನಗೆ ಇರಲಿಲ್ಲ. ಆವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟ.

ದಾರಿ ತೋರಿಸಿದವರು ಮೆಹಬೂಬಿ ಅಕ್ಕಾರು. ಹೈಸ್ಕೂಲಿನ ಅರ್ಜಿ ತೆಗೆದು ಬೆರಳಿಟ್ಟು ತೋರಿಸಿದರು. ನಾಲ್ಕನೆಯ ಪುಟದ ಕೊನೆಯಲ್ಲಿ ‘ವಿದ್ಯಾರ್ಥಿಯ ಸ್ವಂತ ಆಯ್ಕೆ’ ಎಂದು ಒಂದು ಖಾಲಿ ಸಾಲು. ನಿಮ್ಮ ಕಾಲದ ಅರ್ಜಿಯಿಂದ ಹಾಗೆಯೇ ನಕಲಾಗುತ್ತ ಬಂದದ್ದು. ಎಲ್ಲರೂ ಅದರ ಮೇಲೆ ಅಡ್ಡಗೆರೆ ಎಳೆದು ಕೊಡುತ್ತಿದ್ದರು. ನಾನು ‘ಗಣಿತ’ ಎಂದು ಬರೆದೆ.

ಹೈಸ್ಕೂಲಿನ ಹೆಡ್‌ಮಾಸ್ತರು ಜಿನದತ್ತ ಸರ್. ಗಣಿತ ಪಾಠವೂ ಅವರದೇ. ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಈ ಸಾಲ್ ತುಂಬಬಾರದವಾ.”

“ಯಾಕ್ರಿ ಸರ್?”

“ಯಾರೂ ತುಂಬಂಗಿಲ್ಲ.”

“ಹಂಗಾರ ಯಾಕ ಇಟ್ಟಾರ್ರಿ?”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ತಗಿಯೂದ ಮರತಾರ.”

“ತಗಿಯೂ ತನಕ ಐತಲ್ರಿ” ಎಂದೆ.

ಅವರಿಗೆ ಸಿಟ್ಟು ಬಂತು. “ನಿನ್ನ ಹೆಸರು ಗಾಳಿಮರದ ಹಾಜರಿಯೊಳಗ ಇರತೈತಿ. ಗಣಿತದ ಖೋಲ್ಯಾಗ ಬಂದ ಕುಂತ್ರ ನಾ ಹೆಸರು ಕರಿಯಂಗಿಲ್ಲ, ಪರೀಕ್ಷಾನೂ ಕೊಡಂಗಿಲ್ಲ. ತಿಳೀತಿಲ್ಲೋ?”

ತಿಳಿಯಿತು ಎಂದೆ.

ಮನೆಯಲ್ಲಿ ನೀಲಿ ಹೊದಿಕೆ ಆಗಲೇ ಹೊಲಿದು ಸಿದ್ಧವಾಗಿತ್ತು. ಇನ್ನೊಂದಕ್ಕೆ ಬಟ್ಟೆ ಸಿಗುವ ಹಾಗಿರಲಿಲ್ಲ. ವರ್ಷಕ್ಕೆ ಮನೆಗೊಂದೇ ತಾನು ಬಟ್ಟೆ ಕೊಡುತ್ತಿದ್ದರು. ಅವ್ವ ಅದರ ಹೊಲಿಗೆ ಬಿಚ್ಚಿದಳು. ಸುಣ್ಣದ ನೀರಿನಲ್ಲಿ ಕುದಿಸಿ ಬಂಡೆಯ ಮೇಲೆ ಹರವಿದಳು. ಒಂಬತ್ತು ದಿನ ಕುದಿಸಿದಳು, ಒಣಗಿಸಿದಳು, ಮತ್ತೆ ಕುದಿಸಿದಳು. ಕೊನೆಗೆ ಅದು ಪೂರ್ತಿ ಬಿಳಿಯಾಗಲಿಲ್ಲ, ನೀಲಿಯಾಗಿಯೂ ಉಳಿಯಲಿಲ್ಲ. ಅವಳ ಅಂಗೈ ಸುಣ್ಣಕ್ಕೆ ಒಡೆದು ಬಿರುಕು ಬಿಟ್ಟಿತ್ತು.

“ನಾ ಏನೂ ಹೇಳಂಗಿಲ್ಲ” ಎಂದಳು. “ಅರಿವಿ ತೊಗೊ, ಹೊತ್ಕೊಂಡ ಹೋಗು.”

ಮೊದಲ ದಿನ ಬಿಳಿ ಹೊದಿಕೆಗಳ ನಡುವೆ ನನ್ನದು ಒಗೆಯದೆ ಉಟ್ಟಂತೆ ಕಾಣುತ್ತಿತ್ತು. ಸರ್ ಹಾಜರಿ ಕರೆದರು. ಮೂವತ್ತೆರಡು ಹೆಸರು ಮುಗಿದವು. ಪುಸ್ತಕ ಮುಚ್ಚುವ ಮೊದಲು ನಾನು ಎದ್ದು ನಿಂತು, “ತಾರಾಮತಿ, ಹಾಜರ್‌ರಿ” ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಸರ್ ತಲೆ ಎತ್ತದೆ ಪಾಠ ಶುರು ಮಾಡಿದರು. ಎರಡನೆಯ ದಿನವೂ ಎದ್ದು ಹೇಳಿದೆ. ಹತ್ತನೆಯ ದಿನವೂ ಹೇಳಿದೆ. ಗಾಳಿಮರದ ತರಗತಿಯಲ್ಲಿ ನನ್ನ ಹೆಸರಿನ ಮುಂದೆ ದಿನಾ ಗೈರುಹಾಜರಿ ಬೀಳುತ್ತಿತ್ತು. ಮಂಡಳಿಯಿಂದ ಮನೆಗೆ ಮೂರು ನೋಟೀಸು ಬಂದವು. ಅವ್ವ ಅವನ್ನು ಒಲೆಯ ಮೇಲಿನ ಗೂಡಿನಲ್ಲಿ ಸಿಕ್ಕಿಸಿಟ್ಟಳು. ಅಪ್ಪ ನೋಡಿದ, ಕೇಳಲಿಲ್ಲ.

ಪಾಠ ಸುಲಭವಾಗಿರಲಿಲ್ಲ. ಉಳಿದವರು ಮೂರು ಲೆಕ್ಕ ಮುಗಿಸಿದಾಗ ನಾನು ಮೊದಲನೆಯದರಲ್ಲೇ ಇರುತ್ತಿದ್ದೆ. ಚೀಟಿ ಹೇಳಿದ್ದೇ ಸರಿಯೇನೋ ಎಂದು ಅತ್ತ ದಿನಗಳೂ ಇವೆ. ಆದರೂ ಮರುದಿನ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಹಾಜರಿಯ ಕೊನೆಯಲ್ಲಿ ಮಕ್ಕಳು ನಗುವುದನ್ನು ಬಿಟ್ಟು ನನ್ನ ದನಿಗೆ ಕಾಯತೊಡಗಿದ್ದರು.

ಒಂದು ದಿನ ಮಧ್ಯಾಹ್ನ ಅಪ್ಪ ಸೀಮೆಸುಣ್ಣದ ತುಂಡು ಹಿಡಿದು ಬಂದು ನನ್ನೆದುರು ನೆಲದ ಮೇಲೆ ಕೂತ. ನಾಲ್ಕು ಗೆರೆ ಎಳೆದ. ಒಂದು ಮೂಲೆ ಒಳಕ್ಕೆ ಚುಚ್ಚಿಕೊಂಡಿರುವ, ಹಕ್ಕಿಯ ರೆಕ್ಕೆಯಂಥ ವಿಕಾರವಾದ ಚತುರ್ಭುಜ.

“ಇದಕ್ಕೂ ಆಗತೈತೇನ?” ಎಂದ.

ನಾಲ್ಕು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಅಂಗಳದಲ್ಲಿ ನಾನು ಬರೆದು ಅಳಿಸಿದ್ದೆಲ್ಲವನ್ನೂ ಅವನು ನೋಡಿಕೊಂಡಿದ್ದ. ನನಗೆ ಉತ್ತರ ಗೊತ್ತಿರಲಿಲ್ಲ. “ಎರಡ ದಿನ ಕೊಡಪಾ” ಎಂದೆ. ಮೂರನೆಯ ದಿನ, ಇದಕ್ಕೂ ಒಳಗಿನದು ನೆಟ್ಟಗೇ ಬರುತ್ತದೆ ಎಂದು ತೋರಿಸಿದೆ. ಅವನು ಬಗ್ಗಿ ಗೆರೆಗಳನ್ನು ಬೆರಳಿನಿಂದ ಅಳೆದು ನೋಡಿದ. “ಆಗತೈತಿ ಬಿಡು” ಎಂದು ಎದ್ದು ಕೆಲಸಕ್ಕೆ ಹೋದ.

ಡಿಸೆಂಬರಿನಲ್ಲಿ ನನಗೆ ಜ್ವರ ಬಂತು. ಮುಂದಿನದು ಜೊತೆಯ ಮಕ್ಕಳು ಹೇಳಿ ತಿಳಿಯಿತು. ಸರ್ ಮೂವತ್ತೆರಡು ಹೆಸರು ಕರೆದು ಮುಗಿಸಿದರು, ಯಾಕೋ ಪುಸ್ತಕ ಮುಚ್ಚದೆ ನಿಂತರು. ಹಿಂದಿನ ಸಾಲಿನಿಂದ ಯಾರೋ ಒಬ್ಬರು, “ತಾರಾಮತಿ, ಹಾಜರ್‌ರಿ” ಎಂದರು. ಆಮೇಲೆ ಇನ್ನೊಬ್ಬರು. ಆಮೇಲೆ ಇಡೀ ತರಗತಿ. ಸರ್ ಪೆನ್ನು ತೆಗೆದು ಮೂವತ್ತಮೂರನೆಯ ಹೆಸರನ್ನು ಕೈಯಿಂದ ಬರೆದರು. ಅದರ ಮುಂದೆ ‘ರಜೆ’ ಎಂದು ಬರೆದರು. ಗುರುತಿಲ್ಲದವರಿಗೆ ಯಾರೂ ರಜೆ ಬರೆಯುವುದಿಲ್ಲ.

ಇಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬೇಡಿ. ಮಂಡಳಿ ಆ ವರ್ಷವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಎಂಟನೆಯ ತರಗತಿಯನ್ನು ಎರಡು ಸಲ ಓದಿದೆ. ಜಿನದತ್ತ ಸರ್ ಅವರನ್ನು ದೂರದ ಊರಿಗೆ ಎತ್ತಂಗಡಿ ಮಾಡಿದರು. ಹೊರಡುವ ದಿನ ಅವರು ನಮ್ಮ ಮನೆ ಬಾಗಿಲಲ್ಲಿ ನಿಂತು ಅಪ್ಪನಿಗೆ, “ನಾ ಆಕಿ ಹೆಸರು ಮದಲ ಬರೀಬೇಕಾಗಿತ್ರಿ, ಭಾಳ ತಡಾ ಮಾಡಿದೆ” ಎಂದರು. ಆದರೆ ಮರುವರ್ಷ ಹನ್ನೊಂದು ಮಕ್ಕಳು ಆ ಖಾಲಿ ಸಾಲು ತುಂಬಿದರು. ಅದರ ಮರುವರ್ಷ ಅರವತ್ತು. ಆರು ವರ್ಷ ಗುದ್ದಾಡಿದ ಮೇಲೆ, ಸ್ವಂತ ಆಯ್ಕೆ ಬರೆದವರನ್ನು ಆ ತರಗತಿಗೆ ಸೇರಿಸಲೇಬೇಕೆಂದು ಮಂಡಳಿ ಒಪ್ಪಿತು. ಅವರಲ್ಲಿ ಎಷ್ಟೋ ಮಕ್ಕಳು ಆರಿಸಿದ್ದರಲ್ಲಿ ಸೋತರು. ಸೋತು ಬೇರೆಯದಕ್ಕೆ ಹೋದರು. ಕೆಲವರು ಗಾಳಿಮರಕ್ಕೇ ಬಂದರು, ತಾವೇ ಬೇಕೆಂದು ಬಂದರು. ನಾನು ದೊಡ್ಡ ಗಣಿತಜ್ಞೆಯೇನೂ ಆಗಲಿಲ್ಲ. ಇದೇ ಶಾಲೆಯಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿದೆ, ಈಗ ಹೆಡ್‌ಮಿಸ್ಟ್ರೆಸ್ ಆಗಿದ್ದೇನೆ. ನನ್ನ ತರಗತಿಯಲ್ಲಿ ಗಡಿಯಾರ ಇಲ್ಲ.

ಈಗ ಮಂಡಳಿಯವರಿಗೆ ಮತ್ತೆ ಆ ಸಾಲಿನ ನೆನಪಾಗಿದೆ. ಯಂತ್ರ ಈಗ ಬಹಳ ಸುಧಾರಿಸಿದೆ, ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಹೇಳುತ್ತದೆ, ಆ ಸಾಲಿನಿಂದ ಮಕ್ಕಳ ವರ್ಷ ಹಾಳಾಗುತ್ತದೆ, ಆದ್ದರಿಂದ ತೆಗೆಯೋಣ ಎನ್ನುತ್ತಾರೆ. ನಿವೃತ್ತಿಗೆ ಎರಡು ದಿನ ಉಳಿದಿರುವಾಗ ನನ್ನ ಒಪ್ಪಿಗೆಯ ಸಹಿ ಕೇಳಿದ್ದಾರೆ. ಯಂತ್ರ ನೂರಕ್ಕೆ ನೂರು ಸಲ ಸರಿ ಹೇಳಿದರೂ ನಾನು ಸಹಿ ಹಾಕುವುದಿಲ್ಲ. ತನ್ನ ಬದುಕಿನ ಬಗ್ಗೆ ತಪ್ಪು ಮಾಡುವ ಹಕ್ಕು ಹದಿಮೂರರ ಹುಡುಗಿಗೂ ಇದೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ಮಕ್ಕಳೇ, ಯಾವ ಭಾಷೆ, ಯಾವ ವಿಷಯ, ಯಾವ ಶಾಲೆ ಎಂದು ಕೇಳಿದಾಗ ‘ನಿಮಗೆ ತಿಳಿದಂತೆ’ ಎನ್ನಬೇಡಿ. ಎಲ್ಲರನ್ನೂ ಕೇಳಿ, ಯಂತ್ರವನ್ನೂ ಕೇಳಿ, ಆಮೇಲೆ ನಿಮ್ಮದನ್ನು ನೀವೇ ಹೇಳಿ. ದೊಡ್ಡವರೇ, ಅವರು ಹೇಳುವವರೆಗೆ ಪೆನ್ನು ಕೆಳಗಿಡಿ. ಮಗು ಹನ್ನೊಂದು ದಿನ ತೆಗೆದುಕೊಂಡರೆ ಹನ್ನೊಂದು ದಿನ ಕಾಯಿರಿ.

ಗೇಟಿನ ಹೊರಗೆ ಗದ್ದಲ ಕೇಳುತ್ತಿದೆ. ಇವತ್ತು ಎಂಟನೆಯ ತರಗತಿಯ ದಾಖಲಾತಿ, ನಲವತ್ತಾರು ಮಕ್ಕಳು ಬಂದಿದ್ದಾರೆ. ಮಂಡಳಿಯ ಅಧಿಕಾರಿಗಳು ಸಹಿಗಾಗಿ ಒಂಬತ್ತು ಗಂಟೆಗೆ ಬರುತ್ತಾರೆ. ಈಗ ಐದೂಕಾಲು. ಅಷ್ಟರೊಳಗೆ ನಲವತ್ತಾರು ಅರ್ಜಿಗಳ ನಾಲ್ಕನೆಯ ಪುಟವನ್ನೂ ಮಕ್ಕಳ ಕೈಯಿಂದಲೇ ತುಂಬಿಸಿ, ಪುಸ್ತಕದಲ್ಲಿ ಹೆಸರು ಏರಿಸಿ, ಮೊಹರು ಹೊಡೆದಿರುತ್ತೇನೆ. ಆಮೇಲೆ ಬೇಕಾದರೆ ಅವರು ನನ್ನನ್ನು ಕುರ್ಚಿಯಿಂದ ಎಬ್ಬಿಸಲಿ.

ಬರುತ್ತೇನೆ. ಗೇಟು ತೆಗೆಯಬೇಕು.

ತಾರಾಮತಿ ದ್ಯಾಮಣ್ಣ ಗಾಳಿಮರದ