ಆಯುಧಪೂಜೆ ಮಾಡಿಸಿಕೊಂಡ ಬೈರಿಗೆ

ಸ್ಟರ್ಲಿಂಗ್ ಹೈಟ್ಸ್, ಜನವರಿ 18

ಅಕ್ಕನಿಗೆ ನಮಸ್ಕಾರ. ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕಿದ ನನ್ನ ಕೈ ಇನ್ನೂ ಕೆಟ್ಟಿಲ್ಲ.

ಇಲ್ಲಿ ಇಡೀ ಕೆರೆ ಹೆಪ್ಪುಗಟ್ಟಿದೆ. ಜನ ಅದರ ಮೇಲೆಯೇ ಕುರ್ಚಿ ಹಾಕಿಕೊಂಡು, ಬ್ಯಾಟರಿ ಬೈರಿಗೆಯಿಂದ ತೂತು ಕೊರೆದು ಮೀನು ಹಿಡಿಯುತ್ತಾರೆ. ಅಳಿಯ ಸಾಕೇತನಿಗೂ ಅದೇ ಹುಚ್ಚು. ತಿನ್ನುವುದಿಲ್ಲ, ಹಿಡಿದು ಮತ್ತೆ ನೀರಿಗೇ ಬಿಡುತ್ತಾನೆ. ಈ ಸಲ ಅವನ ಬೈರಿಗೆ ತಿರುಗಲೇ ಇಲ್ಲ.

"ಮೋಟಾರ್ ಹೋಗಿದೆ ಅತ್ತೆ, ಹೊಸದು ಆರ್ಡರ್ ಮಾಡ್ತೀನಿ" ಎಂದ.

"ಮೊದ್ಲು ಬ್ಯಾಟರಿ ಬಿಚ್ಚಿ ಕೊಡಪ್ಪ" ಎಂದೆ.

ಬ್ಯಾಟರಿ ಕೂರುವ ಜಾಗದಲ್ಲಿ ಕರೆಂಟ್ ಹಾಯುವ ಲೋಹದ ಪಟ್ಟಿಗಳ ಮೇಲೆ ಆಯುಧಪೂಜೆಯ ಅರಿಸಿನ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿದೆ. ಇವತ್ತು ಅದು ಒಂದಡಿ ಮಂಜುಗಡ್ಡೆಯನ್ನು ಅರ್ಧ ನಿಮಿಷದಲ್ಲಿ ಕೊರೆಯಿತು. ತೂತಿನಿಂದ ನೀರು ಬುಳುಬುಳು ಉಕ್ಕಿತು. ಅವನ ಸ್ನೇಹಿತರು "ಆಂಟಿ, ನಮ್ಮದನ್ನೂ ಸ್ವಲ್ಪ ನೋಡಿ" ಎಂದು ಹಿಂದೆ ಬಿದ್ದಿದ್ದಾರೆ.

ಮಂಡಿನೋವು ಕಡಿಮೆ. ಬಿ.ಪಿ. ಮಾತ್ರೆ ಮಾರ್ಚ್‌ವರೆಗೆ ಸಾಕು.

ಕುಂಕುಮ ಮೆತ್ತಿದ್ದು ನನ್ನ ಮಗಳು ತನ್ಮಯಿ ಎಂದು ಸಾಕೇತ್ ಅವಳನ್ನು ರೇಗಿಸುತ್ತಿದ್ದಾನೆ. ಅವಳು ನನ್ನ ಮುಖ ನೋಡಿ ತಪ್ಪನ್ನು ತನ್ನ ಮೇಲೇ ಹಾಕಿಕೊಂಡಳು. ಅವತ್ತು ಗ್ಯಾರೇಜಿನಲ್ಲಿ ಪೂಜೆ ಮಾಡಿದವಳು ನಾನೇ. ಅದಕ್ಕೇ ಈ ಕಾರ್ಡನ್ನು ಅವನ ಕೈಗೆ ಕೊಡದೆ, ನಾನೇ ನಡೆದು ಹೋಗಿ ಪೋಸ್ಟ್ ಡಬ್ಬಕ್ಕೆ ಹಾಕುತ್ತಿದ್ದೇನೆ.

ನಿನ್ನ ತಂಗಿ ಸರಳಾ