ಅರ್ಧ ಸ್ವರ

ಮಾರ್ಚ್ 3, ಬೆಳಿಗ್ಗೆ 11
ಸದ್ದು ಅಡಗಿಸಲು ಡ್ರಮ್ ಒಳಗೆ ತುರುಕಿದ ಕಂಬಳಿ ಮತ್ತೆ ಬದಲು. ಮೈಕ್ ಮತ್ತೆ ಎರಡಿಂಚು ಆಚೆ. ಗುಡುಗು — ನಮ್ಮ ಡ್ರಮ್ಮರ್ — ಒಂದೇ ಪೆಟ್ಟನ್ನು ಮುಕ್ಕಾಲು ಗಂಟೆ ಬಾರಿಸಿದ. ರೆಕಾರ್ಡಿಂಗ್ ಮೇಷ್ಟ್ರಿಗೆ ಸಮಾಧಾನವೇ ಇಲ್ಲ. ನಾನು ಬೇಸ್ ಗಿಟಾರ್ ಕುತ್ತಿಗೆ ಹಿಡಿದುಕೊಂಡು ಕೂತೆ. ಹನ್ನೊಂದು ವರ್ಷದ ಮೇಲೆ ಆಲ್ಬಮ್. ಒಂಬತ್ತು ಹಾಡು ಮುಗಿದಿವೆ. ಇದು ಕೊನೆಯದು, ಏಳು ನಿಮಿಷದ್ದು.

ಮಾರ್ಚ್ 6
ಇವತ್ತು ನಮ್ಮ ಹಾಡುಗಾರನ, ಅಂದರೆ ನನ್ನಣ್ಣನ, ಸರದಿ. ಗಂಟಲು ಆಪರೇಷನ್ ಆಗಿ ಎಂಟು ತಿಂಗಳು. ಮೂರನೆಯ ಪದ್ಯದ ಕೊನೆಗೆ ಮೇಲೇರುವ ಸ್ವರವೊಂದಿದೆ. ಹಾಡಿನ ಜೀವ ಇರುವುದೇ ಅಲ್ಲಿ. ಹತ್ತೊಂಬತ್ತು ಸಲ ಹಾಡಿದ. ಹತ್ತೊಂಬತ್ತು ಸಲವೂ ಅಲ್ಲೇ ದನಿ ಒಡೆಯಿತು.
"ಇದು ಬರ್ಲಿಲ್ಲ ಅಂದ್ರೆ ಆಲ್ಬಮ್ಮೂ ಬೇಡ, ಬ್ಯಾಂಡೂ ಬೇಡ ಕಣೋ."
"ಅರ್ಧ ಸ್ವರ ಶ್ರುತಿ ಇಳ್ಸಿ ಬಾರಿಸ್ತೀವಿ ಬಿಡಣ್ಣ."
"ನನಗೋಸ್ಕರ ಯಾರೂ ಇಳೀಬೇಕಾಗಿಲ್ಲ."
ಹೆಡ್‌ಫೋನ್ ಬಿಸಾಕಿ ಹೋದ.

ಮಾರ್ಚ್ 7, ಸಂಜೆ 4
ಮೇಷ್ಟ್ರ ಹಳೇ ಕೈಚಳಕ. ನಾವು ಬಾರಿಸಿದ ಟೇಪನ್ನು ಸ್ವಲ್ಪ ನಿಧಾನ ಓಡಿಸಿದರೆ ಸ್ವರ ಇಳಿಯುತ್ತದೆ. ಅದರ ಮೇಲೆ ಹಾಡಿಸುವುದು. ಆಮೇಲೆ ಮಾಮೂಲು ವೇಗಕ್ಕೆ ತಂದರೆ ಹಾಡಿದ್ದೂ ಮೇಲೇರುತ್ತದೆ. ಅಣ್ಣನಿಗೆ ಹೇಳುವುದು ಬೇಡ ಅಂದೆ. ನಾನೇ ಅಂದೆ. ಗುಡುಗನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅವನನ್ನು ಮನೆಗೆ ಅಟ್ಟಿದೆವು. ಅಣ್ಣ ಪಿಯಾನೋದಲ್ಲಿ ಸ್ವರ ಒತ್ತಿ ನೋಡಿ ಇಳಿದದ್ದನ್ನು ಪತ್ತೆ ಹಚ್ಚಿಯಾನು ಎಂದು ಅದಕ್ಕೆ ಬೀಗ ಜಡಿದೆ.
ಇನ್ನೊಂದೇ ಸಲ ನೋಡೋಣ ಅಂತ ಅಣ್ಣನನ್ನು ಕರೆಸಿದೆವು. ಎರಡನೇ ಸಲಕ್ಕೇ ಬಂತು! ಮಾಮೂಲು ವೇಗದಲ್ಲಿ ಕೇಳಿಸಿದೆವು. ಅಣ್ಣ ನನ್ನನ್ನು ತಬ್ಬಿಕೊಂಡು ಅತ್ತ.
"ಹತ್ತು ವರ್ಷ ಚಿಕ್ಕೋನ ಥರ ಇದೀನಲ್ಲೋ!"
ನನಗೂ ಖುಷಿಯಾಯಿತು. ಸುಳ್ಳು ಯಾಕೆ ಬರೆಯಲಿ, ತುಂಬಾ ಖುಷಿಯಾಯಿತು.

ಮಾರ್ಚ್ 15
ಅತ್ತಿಗೆ ಫೋನ್ ಮಾಡಿದ್ದರು.
"ಒಂದ್ಸಲ ಬಂದು ಬುದ್ಧಿ ಹೇಳು. ನಿಮ್ಮಣ್ಣ ವಾರದಿಂದ ಬಚ್ಚಲುಮನೇಲಿ ಆ ಸಾಲನ್ನೇ ಅರಚ್ತಿದಾರೆ. ಡಾಕ್ಟ್ರು ಬೇಡ ಅಂದ್ರೂ ಕೇಳಲ್ಲ. ಸ್ಟುಡಿಯೋದಲ್ಲಿ ಬಂದಿದ್ದು ಮನೇಲಿ ಯಾಕೆ ಬರಲ್ಲ ಅಂತಾರೆ. ಇವತ್ತು ಉಗುಳಿದ್ರಲ್ಲಿ ರಕ್ತ ಇತ್ತು ಕಣಪ್ಪಾ."
ನಾಳೆ ಬೆಳಿಗ್ಗೆನೇ ಬರ್ತೀನಿ ಅತ್ತಿಗೆ ಅಂದೆ.

ಮಾರ್ಚ್ 16
ಹೋಗಿ ಹೇಳಿಬಿಟ್ಟೆ. ಅಣ್ಣ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ.
"ಎಷ್ಟು ಇಳಿಸಿದ್ರಿ?"
"ಅರ್ಧ ಸ್ವರ."
"ಪಿಯಾನೋ ಬೀಗ?"
"ನಾನೇ ಹಾಕಿದ್ದು."
ಮುಖದ ಮೇಲೆ ಸೋಪು ಒಣಗುತ್ತಾ ಬಂತು. ಬೈದಿದ್ದರೆ ಚೆನ್ನಾಗಿತ್ತು. ಅತ್ತಿಗೆ ತಂದ ಕಾಫಿ ಕುಡಿಯದೆ ಎದ್ದು ಬಂದೆ. ಅವನ ಮೇಲಿನ ಪ್ರೀತಿಗೆ ಮಾಡಿದೆ ಅಂದುಕೊಂಡಿದ್ದೆ. ಆಲ್ಬಮ್ ಕೈತಪ್ಪುತ್ತದೆ ಅನ್ನುವ ಭಯವೂ ಅಷ್ಟೇ ಇತ್ತು.

ಮಾರ್ಚ್ 29, ಮಧ್ಯಾಹ್ನ 1, ಸ್ಟುಡಿಯೋ ಹಿಂದಿನ ಮೆಟ್ಟಿಲು
ಹದಿಮೂರು ದಿನದ ಮೇಲೆ ಅಣ್ಣ ಬಂದ. ಯಾರಿಗೂ ಹೇಳಿರಲಿಲ್ಲ. "ನಾನು ಹಾಡಿದ ವೇಗದಲ್ಲೇ ಹಾಕಿ ಮೇಷ್ಟ್ರೇ" ಅಂದ. ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿದ. ದನಿ ಇಳಿದಿತ್ತು, ದಪ್ಪವಾಗಿತ್ತು, ಅವನದೇ ಆಗಿತ್ತು.
"ಸರಿ. ಈಗಿರೋ ಗಂಟಲು ಇಷ್ಟೇ. ಎಲ್ರೂ ಅರ್ಧ ಸ್ವರ ಇಳೀರಿ. ಮೊದಲಿಂದ, ಎಲ್ಲಾ ಒಟ್ಟಿಗೆ."
"ಏಳು ನಿಮಿಷಾನೂ ಮತ್ತೆ ಬಡೀಬೇಕಾ!" ಎಂದು ಗುಡುಗು ಗೊಣಗಿದ. ಎಲ್ಲರಿಗಿಂತ ಮುಂಚೆ ಹೋಗಿ ಕೂತವನೂ ಅವನೇ.
ತಂತಿ ಸಡಿಲಿಸಿ ಶ್ರುತಿ ಮಾಡಿಕೊಂಡೆವು. ಅಣ್ಣ ಮೈಕ್ ಮುಂದೆ ನಿಂತ.
"ಈ ಸಲ ಟೇಪು ಸರಿಯಾದ ವೇಗಕ್ಕೇ ಇದೆ ತಾನೆ?"
"ಹೂಂ ಅಣ್ಣ" ಅಂದೆ.
"ನಿನ್ನ ಕೇಳ್ಲಿಲ್ಲ. ಗುಡುಗು, ನೀ ಹೋಗಿ ನೋಡ್ಕೊಂಡು ಬಾ."
ಗುಡುಗು ಕೋಲು ಕೆಳಗಿಟ್ಟು ಎದ್ದ. ಅವನು ಮೇಷ್ಟ್ರ ಕೋಣೆಗೆ ಹೋಗಿ ನೋಡಿ ಬರುವ ತನಕ ನಾನು ತಂತಿಯ ಮೇಲೆ ಬೆರಳಿಟ್ಟುಕೊಂಡು, ತಲೆಯೆತ್ತದೆ ಕೂತಿದ್ದೆ.