ತಂಪು ನೀರಿನ ಮೀನು

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ

ಪ್ರೀತಿಯ ನಮ್ಮನೆಯವರಿಗೆ,

ನಿಮ್ಮ ಸೊಂಟನೋವು ಈಗ ಹೇಗಿದೆ? ಹಡಗಿನ ಇಂಜಿನ್ ಕೋಣೆಯ ಸೆಕೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಅತ್ತೆ ಹೋದ ಸುದ್ದಿಯನ್ನು ಕಂಪನಿಯವರು ಮುಟ್ಟಿಸಿದರಂತೆ. ಕೊನೆಗೆ ಅಮ್ಮನ ಮುಖ ನೋಡಲಾಗಲಿಲ್ಲವೆಂದು ಕೊರಗಬೇಡಿ. ನಡುಗಡಲಿನಿಂದ ಯಾರು ತಾನೇ ಎದ್ದು ಬರಲಾದೀತು?

ನಿಮ್ಮ ಮೀನು ಚೆನ್ನಾಗಿದೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಮುಖ ಮರೆಸಿಕೊಂಡಿದ್ದು, ಕತ್ತಲಾದ ಮೇಲೆಯೇ ದವಡೆಯ ಹಸಿರು ದೀಪ ಹೊತ್ತಿಸಿಕೊಂಡು ಹೊರಡುತ್ತದೆ. ಅನಾನಸ್ ಸಿಪ್ಪೆ ಹೊದ್ದಂತಿರುವ ಈ ಮಹಾರಾಣಿಗೆ ತಣ್ಣನೆಯ ಉಪ್ಪುನೀರೇ ಆಗಬೇಕು. ಅತ್ತೆ ಅದನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದರು. "ಸವತಿಗೆ ಊಟ ಆಯ್ತೇನೇ?" ಎಂದು ಕೇಳದೆ ತಾವು ತುತ್ತು ಎತ್ತುತ್ತಿರಲಿಲ್ಲ. ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದವರಿಗೆ ಆ ಕೋಣೆಯಲ್ಲಿ ಮೀನಿನ ತೊಟ್ಟಿ ಬಿಟ್ಟರೆ ಬೇರೆ ಜೊತೆ ಯಾರಿದ್ದರು ಹೇಳಿ.

ನಡೆದದ್ದು ಇಷ್ಟು. ಬಿರುಗಾಳಿಗೆ ಕಂಬಗಳು ಉರುಳಿ ಎರಡು ದಿನ ಕರೆಂಟು ಇರಲಿಲ್ಲ. ಕಾಡಿ ಬೇಡಿ ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ನಮ್ಮ ಯುಪಿಎಸ್‌ಗೆ ಒಂದೇ ಮಷೀನು ಎಳೆಯುವ ಶಕ್ತಿ. ಅತ್ತೆಯ ಆಕ್ಸಿಜನ್ನಿನದು, ಇಲ್ಲವೇ ಮೀನಿನ ನೀರು ತಂಪು ಮಾಡುವುದು. ನಾನು ಯೋಚಿಸಲೇ ಇಲ್ಲ, ಅತ್ತೆಯದನ್ನು ಹಾಕಿದೆ. ಮೀನು ಸತ್ತರೆ ನೀವು ಮುನಿಸಿಕೊಳ್ಳುತ್ತೀರಿ, ಮುನಿಸಿಕೊಳ್ಳಿ ಎಂದುಕೊಂಡೆ. ಎರಡನೇ ದಿನ ಮಧ್ಯಾಹ್ನ, ಬ್ಯಾಟರಿ ಇನ್ನೂ ಮೂರು ಗಂಟೆ ಬರುವಷ್ಟಿತ್ತು. ಅಷ್ಟರೊಳಗೆ ಸಿಲಿಂಡರ್ ತಂದಿಟ್ಟುಕೊಳ್ಳೋಣವೆಂದು ಆಸ್ಪತ್ರೆಗೆ ಓಡಿದೆ. ಅಲ್ಲಿ ಜನವೋ ಜನ. ಒಂದೂವರೆ ಗಂಟೆ ಬಿಟ್ಟು ಬಂದಾಗ ಅತ್ತೆ ಇರಲಿಲ್ಲ. ನಿಮ್ಮ ಅಕ್ಕ ಬಂದವರೇ ಎಲ್ಲರೆದುರು, "ಒಂಟಿಯಾಗಿ ಬಿಟ್ಟು ಹೋದ್ಯಲ್ಲ, ಮಷೀನ್ ಹಾಕಿದ್ಯೋ ಇಲ್ವೋ ಯಾರಿಗ್ಗೊತ್ತು" ಎಂದರು. ಆರು ವರ್ಷ ಹೇಲುಚ್ಚೆ ಬಳಿದವಳು ನಾನು.

ಹುಷಾರಾಗಿರಿ. ಬೆವರಿದ ಬಟ್ಟೆಯಲ್ಲೇ ಮಲಗಬೇಡಿ.

ನಿಮ್ಮವಳು

ವಿ.ಸೂ.: ಕವರು ಅಂಟಿಸುವ ಮೊದಲು ಬರೆದೇಬಿಡುತ್ತೇನೆ. ನಾನು ಬಂದಾಗ ಅತ್ತೆಯ ಪ್ಲಗ್ಗು ಕಿತ್ತುಬಂದು ನೆಲಕ್ಕೆ ಬಿದ್ದಿತ್ತು. ಓಡುತ್ತಿದ್ದದ್ದು ಮೀನಿನ ಮಷೀನು. ಪ್ಲಗ್ಗಿನ ಬೋರ್ಡು ಮಂಚದ ಪಕ್ಕದಲ್ಲೇ ಇದೆ, ಅವರ ಕೈಗೆ ಎಟುಕುತ್ತದೆ. ಹಿಂದಿನ ವಾರ ಬಂದರಿನಿಂದ ಮಾಡಿದ ಫೋನಿನಲ್ಲಿ ನೀವು ಮೀನು ಹೇಗಿದೆ ಎಂದು ಮೂರು ಸಲ ಕೇಳಿದಿರಿ, ಅಮ್ಮ ಹೇಗಿದ್ದಾರೆ ಎಂದು ಕೇಳಲಿಲ್ಲ. ಸ್ಪೀಕರ್ ಹಾಕಿ ಫೋನು ಹಿಡಿದಿದ್ದವರು ಅತ್ತೆಯೇ, ಎಲ್ಲ ಕೇಳಿಸಿಕೊಂಡರು. ತೀರಿಕೊಂಡ ದಿನ ಬೆಳಿಗ್ಗೆ ಅವರು, "ಅದು ಸತ್ರೆ ಅವನು ತಡ್ಕೊಳಲ್ಲ ಕಣೇ" ಎಂದಾಗ ನಾನು ಗದರಿ ಬಾಯಿ ಮುಚ್ಚಿಸಿದ್ದೆ. ಅಕ್ಕನಿಗೆ ಇದೊಂದೂ ಗೊತ್ತಿಲ್ಲ. ನಾನು ಹೇಳುವುದಿಲ್ಲ. ನೀವೇ ಹೇಳಿ.